ಕಿಶೋರಾಶ್ವದ ಕ್ರಯ: ಲಕ್ಷಣಶಾಸ್ತ್ರವೂ ವ್ಯವಹಾರಶಾಸ್ತ್ರವೂ

ವರ್ತಕನು ತಂದು ನಿಲ್ಲಿಸಿದ ಎಳೆಯ ಕುದುರೆಯನ್ನು ಕೊಳ್ಳಬಹುದೆ, ಬಿಡಬೇಕೆ ಎಂಬುದನ್ನು ನಿರ್ಣಯಿಸುವ ವಿಷಯದಲ್ಲಿ ಪೂರ್ವಿಕರ ಗ್ರಂಥಗಳು ಎರಡು ಕಡೆಗಳಲ್ಲಿ ಮಾತನಾಡಿರುವುವು. ಒಂದು ಅಶ್ವಲಕ್ಷಣ, ಮತ್ತೊಂದು ಧರ್ಮಶಾಸ್ತ್ರದ ವ್ಯವಹಾರಭಾಗದಲ್ಲಿ ಬರುವ ಕ್ರೀತಾನುಶಯ, ಎಂದರೆ ಕೊಂಡುಕೊಂಡ ಮೇಲೆ ಪಶ್ಚಾತ್ತಾಪಪಟ್ಟವನ ಪ್ರಕರಣ. ಮೊದಲನೆಯದನ್ನು ಕಾವ್ಯಗಳ ತುರಗವರ್ಣನೆಯನ್ನು ತಿಳಿಯುವುದಕ್ಕಾಗಿ ಓದುವುದುಂಟು. ಎರಡನೆಯದರೊಡನೆ ಜೋಡಿಸದೆ ಓದಿದರೆ ಅದು ಬರಿಯ ಶಕುನದ ಕಂತೆಯಾಗಿ ತೋರುವುದು. ಅದರಲ್ಲಿ ಕೊಳ್ಳುವವನಿಗೆ ಉಪಯುಕ್ತವಾದದ್ದೆಷ್ಟು, ಅದು ಎಲ್ಲಿಗೆ ನಿಲ್ಲುವುದು ಎಂಬುದು ವಿಚಾರಣೀಯವಾಗಿದೆ.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಅಶ್ವಲಕ್ಷಣಾಧ್ಯಾಯದಲ್ಲಿ ಹಲ್ಲಿನಿಂದ ವಯಸ್ಸನ್ನು ತಿಳಿಯುವ ಕ್ರಮವನ್ನು ಒಂದೇ ಶ್ಲೋಕದಲ್ಲಿ ಅಡಗಿಸಿರುವನು. ಮುಂದಿನ ಆರು ಹಲ್ಲುಗಳು ಬೆಳ್ಳಗಿದ್ದರೆ ಅದು ಮರಿ. ಅವೇ ಕಷಾಯವರ್ಣಕ್ಕೆ ತಿರುಗಿದ್ದರೆ ಎರಡು ವರ್ಷದ್ದು. ನಡುವಣ ಜೋಡಿ ಬಿದ್ದು ಮತ್ತೆ ಹುಟ್ಟಿದ್ದರೆ ಮೂರು, ಅದರ ಪಕ್ಕದ ಜೋಡಿಗೆ ನಾಲ್ಕು, ಕೊನೆಯ ಜೋಡಿಗೆ ಐದು ವರ್ಷ. ಅಲ್ಲಿಂದ ಮುಂದೆ ಕರಿಯ ಗುರುತು, ಹಳದಿ, ಬಿಳುಪು, ಗಾಜಿನ ಬಣ್ಣ, ಜೇನಿನ ಬಣ್ಣ, ಶಂಖದ ಬಣ್ಣ, ಕುಳಿ, ಅಲುಗಾಟ, ಪತನ ಎಂದು ಮೂರು ಮೂರು ವರ್ಷಗಳ ಮೆಟ್ಟಿಲುಗಳು. ಈ ಎರಡನೆಯ ಭಾಗವು ಸಂಖ್ಯೆಯ ಅಂದಕ್ಕಾಗಿ ಹೆಣೆದಂತೆ ಕಾಣುವುದು. ಅದನ್ನು ನಂಬಿ ಹದಿನೈದು ವರ್ಷದ ಕುದುರೆಯನ್ನು ಹದಿನೆಂಟರಿಂದ ಬೇರ್ಪಡಿಸಲಾಗದು. ಮೊದಲ ಭಾಗವಾದರೋ ಇಂದಿನ ಪಶುವೈದ್ಯರ ಲೆಕ್ಕಕ್ಕೆ ಸರಿಯಾಗಿ ಹೊಂದುವುದು. ಸ್ಥಿರವಾದ ಹಲ್ಲುಗಳು ಜೋಡಿ ಜೋಡಿಯಾಗಿ ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಿಗೆ ಹುಟ್ಟಿ, ತಲಾ ಆರು ತಿಂಗಳಲ್ಲಿ ಎದುರು ಹಲ್ಲಿಗೆ ತಾಗುವುವು. ಕಿಶೋರವನ್ನು ಕೊಳ್ಳುವವನಿಗೆ ಬೇಕಾದ ಭಾಗವೇ ಶ್ಲೋಕದಲ್ಲಿ ಗಟ್ಟಿಯಾಗಿರುವುದು ಗಮನಾರ್ಹ. ಎತ್ತಿನ ಜಾತ್ರೆಯಲ್ಲಿ ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಎನ್ನುವ ನಮ್ಮ ರೈತನ ಎಣಿಕೆಯೂ ಇದೇ ಜಾತಿಯದು.

ಇಲ್ಲಿ ಆಚಾರ್ಯನು ಹಾಕಿರುವ ‘ಪತಿತಸಮುದಿತ’ವೆಂಬ ಸಮಾಸವನ್ನು ಹಗುರವಾಗಿ ದಾಟಬಾರದು. ಬಿದ್ದುದಷ್ಟೇ ಅಲ್ಲ, ಬಿದ್ದು ಪುನಃ ಹುಟ್ಟಿರಬೇಕು. ಮುದಿಕುದುರೆಯ ಹಲ್ಲನ್ನು ಕೊರೆದು ಕರಿಯ ಗುರುತು ಮಾಡಿ ಪ್ರಾಯದ್ದೆಂದು ಮಾರುವ ಮೋಸವು ಪ್ರಸಿದ್ಧವಾಗಿದೆ. ಎಳೆಯದರಲ್ಲಿ ಮೋಸವು ವಿಪರೀತವಾಗಿ ನಡೆಯುವುದು: ಹಾಲುಹಲ್ಲನ್ನು ಕಿತ್ತು, ಎರಡು ವರ್ಷದ್ದನ್ನು ಮೂರರದ್ದೆಂದು ತೋರಿಸುವರು, ಬೇಗ ಸವಾರಿಗೆ ಒದಗುವ ಕುದುರೆಗೆ ಬೆಲೆ ಹೆಚ್ಚಷ್ಟೆ. ಕಿತ್ತ ಕಡೆ ಪತನವುಂಟು, ಸಮುದಯವಿಲ್ಲ. ಹಾಲುಹಲ್ಲು ಸಣ್ಣದು, ಬಿಳಿದು, ಒಸಡಿನ ಬಳಿ ಕುತ್ತಿಗೆಯಂತೆ ಕಿರಿದಾದುದು. ಸ್ಥಿರದಂತವು ಅಗಲವಾಗಿ, ಗೆರೆಗಳುಳ್ಳದ್ದಾಗಿ, ತುಸು ಹಳದಿಯಾಗಿರುವುದು. ಈ ಮೋಸದಿಂದ ನಷ್ಟವು ಹಣಕ್ಕೆ ಮಾತ್ರವಲ್ಲ. ಮುಂಗಾಲಿನ ಮೊಣಕಾಲ ಮೇಲಿನ ಎಲುಬಿನ ತುದಿ ಕೂಡಿಕೊಳ್ಳುವುದೇ ಎರಡು, ಎರಡೂವರೆ ವರ್ಷಗಳ ಹೊತ್ತಿಗೆ. ಬೆನ್ನೆಲುಬಿನದು ಐದು ವರ್ಷ ಕಳೆದ ಮೇಲೆ. ಸುಳ್ಳು ವಯಸ್ಸನ್ನು ನಂಬಿ ಭಾರ ಹೇರಿದರೆ ಪ್ರಾಣಿಯು ಜನ್ಮಾವಧಿ ಕುಂಟಬಹುದು.

ಇನ್ನು ಆವರ್ತ, ಎಂದರೆ ಸುಳಿ. ಹಣೆ, ಮೂತಿಗಳಲ್ಲಿ ಒಂದೊಂದು, ತಲೆ, ಎದೆ, ರಂಧ್ರ, ಉಪರಂಧ್ರಗಳಲ್ಲಿ ಎರಡೆರಡು, ಒಟ್ಟು ಹತ್ತು ಧ್ರುವಾವರ್ತಗಳೆಂದು ವರಾಹಮಿಹಿರನು ಹೇಳಿ, ಅನ್ಯಸ್ಥಾನಗಳ ಎಷ್ಟೋ ಸುಳಿಗಳನ್ನು ಅಶುಭವೆಂದಿರುವನು. ಒಡೆಯನ ಶುಭಾಶುಭವನ್ನು ಕುದುರೆಯ ರೋಮದಲ್ಲಿ ಓದುವುದಕ್ಕೆ ಪ್ರಮಾಣವಿಲ್ಲ. ಆದರೆ ಸುಳಿಯ ಸ್ಥಾನವು ಹುಟ್ಟಿದಂದಿನಿಂದ ಕಡೆಯವರೆಗೆ ಬದಲಾಗದು. ಈ ಕಾರಣದಿಂದಲೇ ಇಂದಿನ ಅಶ್ವಗುರುತುಪತ್ರಗಳಲ್ಲಿ ಸುಳಿಗಳನ್ನು ಬರೆದಿಡುವರು. ನಿನ್ನೆ ತೋರಿಸಿದ ಕುದುರೆಯೇ ಇಂದು ಲಾಯಕ್ಕೆ ಬಂದಿದೆಯೆ ಎಂಬುದಕ್ಕೆ ಸುಳಿ ಸಾಕ್ಷಿ. ಅಷ್ಟರ ಮಟ್ಟಿಗೆ ಅದನ್ನು ನೋಡಿಟ್ಟುಕೊಳ್ಳತಕ್ಕದ್ದು.

ಹಲ್ಲು ವಯಸ್ಸನ್ನೂ ಸುಳಿ ಗುರುತನ್ನೂ ಹೇಳಿದುವು. ಕುದುರೆ ಆರೋಗ್ಯವಾಗಿದೆಯೆ, ಸಾಧುವೆ? ಇದಕ್ಕೆ ಉತ್ತರವು ಸ್ಮೃತಿಗಳಲ್ಲಿದೆ. ಯಾಜ್ಞವಲ್ಕ್ಯನೂ ನಾರದನೂ ಪರೀಕ್ಷೆಗೆ ಕಬ್ಬಿಣಕ್ಕೆ 1 ದಿನ, ಕರೆಯುವ ಪಶುವಿಗೆ 3, ಹೊರುವ ಪಶುವಿಗೆ 5, ರತ್ನಕ್ಕೆ 7, ಬೀಜಕ್ಕೆ 10 ದಿನಗಳನ್ನು ವಿಧಿಸಿರುವರು. ದೋಷವು ತಾನಾಗಿ ಹೊರಬೀಳಲು ಬೇಕಾದ ಕಾಲವೇ ಈ ಅವಧಿಗಳ ಮೂಲವೆಂದು ತೋರುತ್ತದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ‘ವಾಹ್ಯ’ವೆಂಬುದಕ್ಕೆ ಎತ್ತು ಮೊದಲಾದುದೆಂದು ಅರ್ಥ ಬರೆದನು, ಆ ‘ಮೊದಲಾದ’ದಲ್ಲಿ ಕುದುರೆ ಸೇರದಿರಲು ಕಾರಣವಿಲ್ಲ. ವಿಶ್ರಾಂತಿಯಿಂದಲೋ ಔಷಧದಿಂದಲೋ ಮರೆಸಿದ ಕುಂಟು, ಗೂಟ ಕಚ್ಚಿ ಗಾಳಿ ನುಂಗುವ ಚಟ, ಬೆದರುವ ಸ್ವಭಾವ, ಇವು ಬಹುಮಟ್ಟಿಗೆ ಐದು ದಿನಗಳಲ್ಲಿ ತಿಳಿದುಬರುವುವು. ಎಳೆಯ ಕುದುರೆಗಳನ್ನೇ ಹೆಚ್ಚಾಗಿ ಹಿಡಿಯುವ ಗಂಟಲುಬಾವಿನ ಅಂಟುರೋಗವು ಮಾತ್ರ ತಲೆದೋರಲು ಎರಡು ವಾರಗಳನ್ನೂ ತೆಗೆದುಕೊಳ್ಳುವುದರಿಂದ, ಅದಕ್ಕೆ ಈ ಅವಧಿ ಸಾಲದು.

ಪರೀಕ್ಷೆಗೆ ಎಡೆಯೇ ಇಲ್ಲದ ವ್ಯಾಪಾರವೂ ನಡೆದುದುಂಟು. ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದ, ತಾನೇ ಕುದುರೆಯ ವ್ಯಾಪಾರಿಯಾದ ಪೋರ್ತುಗೀಸ ನೂನಿಜನು, ಸಾಳುವ ನರಸಿಂಹನು (1485–1491) ಹೊರ್ಮುಜಿನಿಂದಲೂ ಏಡನ್ನಿನಿಂದಲೂ ಬರುವ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಸಾವಿರ ಪರ್ದಾವ್‌ಗಳಿಗೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತೆಂದೂ ಬರೆದಿರುವನು. ಹೇಳುವವನು ಮಾರುವವರ ಪಕ್ಷದವನೆಂಬುದು ನೆನಪಿನಲ್ಲಿರಬೇಕು. ಆದರೂ ಸಂಗತಿ ಅಸಂಭಾವ್ಯವಲ್ಲ: ದಂಡಿಗೆ ಕುದುರೆ ಬೇಕಾದ ಅರಸನಿಗೆ ಸತ್ತ ಕುದುರೆಯ ಬೆಲೆಗಿಂತ ವರ್ತಕರು ಬಾರದೆ ನಿಲ್ಲುವುದೇ ದೊಡ್ಡ ನಷ್ಟ.

ಒಂದೇ ಕುದುರೆಯನ್ನು ಕೊಳ್ಳುವ ಗೃಹಸ್ಥನಿಗೆ ಆ ನ್ಯಾಯ ಸಲ್ಲದು. ಅವನಿಗೆ ಮಿತಾಕ್ಷರೆಯ ಇನ್ನೊಂದು ಮಾತು ಮುಖ್ಯವಾದುದು. ಹಿಂದಿರುಗಿಸುವ ಈ ವಿಧಿಯೆಲ್ಲವೂ ಪರೀಕ್ಷಿಸದೆ ಕೊಂಡುದಕ್ಕೆ ಸಂಬಂಧಿಸಿದ್ದು. ಪರೀಕ್ಷಿಸಿ, ಮರಳಿ ಕೊಡುವುದಿಲ್ಲವೆಂದು ಸಮಯಮಾಡಿ ಕೊಂಡದ್ದನ್ನು ಹಿಂದಕ್ಕೆ ಕೊಡುವಂತಿಲ್ಲ. ಭಾರತದ 1930ನೆಯ ಸರಕುಮಾರಾಟದ ಕಾನೂನಿನ 16ನೆಯ ಕಲಮಿನಲ್ಲಿಯೂ, ಕೊಳ್ಳುವವನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ತಿಳಿಯಬೇಕಾಗಿದ್ದ ದೋಷಕ್ಕೆ ಮಾರುವವನ ಮೇಲೆ ಸೂಚಿತವಾದ ಹೊಣೆಯಿಲ್ಲವೆಂದಿದೆ. ಆದುದರಿಂದ ವರ್ತಕನ ಮುಂದೆ ಕುದುರೆಯ ಬಾಯಿ ತೆರೆಸಿ ನೋಡಿದವನು, ಹಣವನ್ನು ಎಣಿಸುವುದಕ್ಕೆ ಮೊದಲೇ, ನೋಡಿದ್ದು ವಯಸ್ಸಿಗಾಗಿ ಮಾತ್ರವೆಂದೂ ಕಾಲಿಗೂ ಶ್ವಾಸಕ್ಕೂ ಸ್ವಭಾವಕ್ಕೂ ಐದು ದಿನಗಳು ಉಳಿದಿರುವುವೆಂದೂ ಪತ್ರದಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಇದಕ್ಕೆ ವರ್ತಕನು ಒಪ್ಪದಿದ್ದರೆ, ಸುಳಿಗಳೆಲ್ಲ ಸ್ವಸ್ಥಾನದಲ್ಲಿದ್ದರೂ, ಆ ಕುದುರೆಯನ್ನು ಬಿಡುವುದೇ ಯುಕ್ತ.