ರೇಷ್ಮೆಯ ಹಿಂದಿನ ಹಬೆ

ಪೈಪಿನಲ್ಲಿ ಹಬೆ ಹರಿಸಿ ಕಟ್ಟಡ ಬೆಚ್ಚಗಿಡುವ ಏರ್ಪಾಡು ಚಾಮರಾಜನಗರದ ಕಡೆಗೆ ಬೇಕೇ ಆಗಲಿಲ್ಲ. ಗುಂಡ್ಲುಪೇಟೆಯ ಗೋಪಾಲಸ್ವಾಮಿ ಬೆಟ್ಟದ ಮಂಜಿಗೂ ಒಂದು ಕಂಬಳಿ ಸಾಕು. ಆದರೂ ಈ ಸೀಮೆಯ ಕೆಲವು ಕಟ್ಟಡಗಳಲ್ಲಿ ಬಾಯ್ಲರ್ ಇತ್ತು, ಸಾಲು ಹಿಡಿದು ಓಡುವ ಹಬೆಯ ಪೈಪಿತ್ತು. ಬಿಸಿ ಬೇಕಾಗಿದ್ದುದು ಜನಕ್ಕಲ್ಲ, ರೇಷ್ಮೆ ಗೂಡಿಗೆ.

ಗೂಡಿನ ಎಳೆಯನ್ನು ಹಿಡಿದಿಟ್ಟಿರುವುದು ಸೆರಿಸಿನ್ ಎಂಬ ಅಂಟು. ಬಿಸಿನೀರಿನಲ್ಲಿ ಅದು ಮೆತ್ತಗಾಗಬೇಕು. ನೀರು ಆರಿತೋ, ಎಳೆ ಹರಿಯುತ್ತದೆ; ಕುದಿ ಮಿತಿಮೀರಿತೋ, ಗೂಡು ಮುದ್ದೆ. ಚರಕದಲ್ಲಿ ನೂಲು ತೆಗೆಯುವವರಿಗೆ ಪಾತ್ರೆಗೊಂದು ಒಲೆ. ಸೌದೆ ಹಸಿಯಾದ ದಿನ ಹೊಗೆ ಕಣ್ಣಿಗಷ್ಟೇ ಅಲ್ಲ, ನೂಲಿಗೂ ಹತ್ತುತ್ತಿತ್ತು.

ಯುರೋಪಿನಲ್ಲೂ ಇದೇ ಗೋಳು. 1805ರ ಸುಮಾರಿಗೆ ಫ್ರಾನ್ಸಿನ ಝಾನ್ಸೂಲ್ ಎಂಬಾತ ಒಲೆಗಳನ್ನೆಲ್ಲ ತೆಗೆಸಿ, ಒಂದೇ ಬಾಯ್ಲರಿನ ಹಬೆಯನ್ನು ಗೂಡು ಹಾಕುವ ಬಿಸಿನೀರಿನ ಬೇಸಿನ್‌ಗಳಿಗೆಲ್ಲ ಹಂಚಿದ. ಬೆಂಕಿಯನ್ನು ಹೊರಗೇ ನಿಲ್ಲಿಸಿ ಬಿಸಿಯನ್ನು ಮಾತ್ರ ಒಳಗೆ ಕರೆದ ಈ ಆಸಾಮಿಯ ಮೇಲೆ ನನಗೆ ತುಸು ಹೆಚ್ಚೇ ಮೋಹ. 1872ರಲ್ಲಿ ಜಪಾನಿನ ತೊಮಿಯೊಕದಲ್ಲಿ 300 ಬೇಸಿನ್‌ಗಳ ಗಿರಣಿ ಎದ್ದದ್ದೂ ಇದೇ ಉಪಾಯದಿಂದ.

ನಮ್ಮಲ್ಲಿ ಅದು ಬೇರುಬಿಟ್ಟದ್ದು ತಡವಾಗಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತು, ಪ್ಯಾರಾಚೂಟಿಗೆ ಒಳ್ಳೆಯ ನೂಲು ಬೇಕಾದಾಗ ಹಬೆಯಿಂದ ನೂಲು ತೆಗೆಯುವ ಗಿರಣಿಗಳಿಗೆ, ಅಂದರೆ ಫಿಲೇಚರುಗಳಿಗೆ, ಬೆಲೆ ಬಂತು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರಲ್ಲಿ. ಕೊಳ್ಳೇಗಾಲದಲ್ಲಿ, ಮಾಂಬಳ್ಳಿಯಲ್ಲಿ, ಸಂತೇಮರಹಳ್ಳಿಯಲ್ಲಿ, ಚಾಮರಾಜನಗರದಲ್ಲಿ ಸರ್ಕಾರಿ ಫಿಲೇಚರುಗಳು ನಡೆದವು.

ಒಳಗೆ ಹೆಚ್ಚಾಗಿ ಹೆಂಗಸರೇ. ವಾಲ್ವ್ ತಿರುಗಿಸಿದರೆ ಬೇಸಿನ್ನಿನ ನೀರು ಗುಳುಗುಳು ಎನ್ನುತ್ತಿತ್ತು. ತೇಲುವ ಗೂಡುಗಳಿಂದ ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿ ಹೆಕ್ಕಬೇಕಿತ್ತು. ಸಂಜೆಗೆ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿ ಬೇರೆ ಯಾರದೋ ಎಂಬಂತಿರುತ್ತಿತ್ತು. ಬೆಂದ ಹುಳುವಿನ ನಾತ ತಲೆಗೂದಲಿಗೂ ಇಳಿಯುತ್ತಿತ್ತು. ಅಂಗಡಿಯಲ್ಲಿ ಮೈಸೂರು ರೇಷ್ಮೆ ಸೀರೆಯ ಜರಿ ಸವರುವವರಿಗೆ ಈ ನಾತದ ಸುದ್ದಿ ಯಾಕೆ, ಬಿಡಿ.

1990ರ ದಶಕದಿಂದ ಚೀನಾ ನೂಲು ಅಗ್ಗಕ್ಕೆ ಬಂದು ರೇಷ್ಮೆಯವರ ಸೊಂಟ ಮುರಿಯಿತು. ಹಲವು ಫಿಲೇಚರುಗಳಿಗೆ ಬೀಗ ಬಿತ್ತು. ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಬಾಯ್ಲರಿಗೆ ಸಿಗುವುದು ಗುಜರಿಯವನ ತಕ್ಕಡಿ.

ಹಬೆ ಮಾತ್ರ ಊರು ಬಿಟ್ಟಿಲ್ಲ. ಗುಂಡ್ಲುಪೇಟೆ ಕಡೆ ಅರಿಸಿನ ಕಿತ್ತ ಮೇಲೆ ಕೊಪ್ಪರಿಗೆಯ ಬದಲು ಈಗ ಹೊಲಕ್ಕೇ ಬಾಯ್ಲರ್ ಬರುತ್ತದೆ. ಪೈಪು ಜೋಡಿಸಿ ಹಬೆ ಬಿಟ್ಟರೆ ಡ್ರಮ್ಮಿನಲ್ಲಿ ಗಡ್ಡೆ ಬೇಯುತ್ತದೆ. ಬೆಂದದ್ದನ್ನು ಕಣಕ್ಕೆ ಸುರಿದು, ಡ್ರಮ್ಮಿಗೆ ಮತ್ತೆ ಹಸಿ ಗಡ್ಡೆ ತುಂಬುತ್ತಾರೆ.