ಬೆಕ್ಕಿನ ಮರಿಗೆ ಹೊರಗೆ ಹೋಗುವ ಅಭ್ಯಾಸ

ಸಹೋದರಿಯರೇ, ಇಲಿ ಕಾಟಕ್ಕೆಂದು ಸಾಕಿದ ಬೆಕ್ಕಿನ ಮರಿ ಒಣಹುಲ್ಲಿನ ಮೇಲೆ, ಹಿಂಡಿ ಚೀಲದ ಬಳಿ ಗಲೀಜು ಮಾಡುತ್ತಿದೆಯೇ? ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಇದರಿಂದ ಕುರಿ, ಮೇಕೆಗಳು ಕಂದು ಹಾಕುತ್ತವೆ. ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ.

ಮರಿಗೆ 4 ವಾರವಾದಾಗಲೇ ಕಲಿಸಿ. ಅಗಲ ತಟ್ಟೆಯಲ್ಲಿ ಮರಳು ಹಾಕಿ, ಉಂಡ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಮರಿಯನ್ನು ಅದರಲ್ಲಿ ಬಿಡಿ. ತಟ್ಟೆಯನ್ನು ದಿನಕ್ಕೆ ಸ್ವಲ್ಪದಂತೆ ಬಾಗಿಲಿನತ್ತ, ನಂತರ ಹೊರಗೆ ಸರಿಸಿ. ಮೇವು, ತರಕಾರಿ ಮಡಿ, ಬಾವಿಯಿಂದ ದೂರದಲ್ಲಿ ಮಣ್ಣು ಸಡಿಲಿಸಿ, ಮೂತ್ರದ ವಾಸನೆಯಿರುವ ಮರಳನ್ನು ಅಲ್ಲಿ ಬೆರೆಸಿ. ವಾಸನೆ ಹಿಡಿದು ಮರಿ ಅಲ್ಲಿಗೇ ಹೋಗುತ್ತದೆ. ಹೊಡೆಯಬೇಡಿ, ಹೆದರಿದರೆ ಮೂಲೆ ಹುಡುಕುತ್ತದೆ.

ಮಲ ಸೋಂಕು ಹರಡುವಂತಾಗಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಪ್ರತಿದಿನ ತೆಗೆದು ಹೂಳಿ, ಸೋಪಿನಿಂದ ಕೈ ತೊಳೆಯಿರಿ. ಗರ್ಭಿಣಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಿ. ಹಿಂಡಿ ಚೀಲದ ಬಾಯಿ ಕಟ್ಟಿಡುವುದನ್ನು ಮರೆಯಬೇಡಿ.