ಬೀಜವುಳ್ಳ ನಿಂಬೆಯೂ ಬೀಜವಿಲ್ಲದ ನಿಂಬೆಯೂ

ಮಾದಳದ ಹಣ್ಣಿಗೆ ಸಂಸ್ಕೃತದಲ್ಲಿ ‘ಬೀಜಪೂರ’ವೆಂದು ಹೆಸರು, ಬೀಜಗಳಿಂದ ತುಂಬಿದುದೆಂದು ಅರ್ಥ. ಪೂರ್ವಿಕರಿಗೆ ಬೀಜವು ಹಣ್ಣಿನ ದೋಷವಾಗಿ ತೋರಲಿಲ್ಲ. ಈಗಲಾದರೋ ಬೀಜವಿಲ್ಲದುದೇ ಶ್ರೇಷ್ಠವೆಂಬ ಮಾತು ಪೇಟೆಯಲ್ಲಿ ಹಬ್ಬಿರುವುದು. ಮಳೆ ಕಡಮೆಯಾದ ನಮ್ಮ ಬೂದಿಕೋಟೆಯ ಸೀಮೆಯಲ್ಲಿ ಹಿತ್ತಲಿಗೆರೆಯುವ ಪ್ರತಿಯೊಂದು ಕೊಡ ನೀರಿಗೂ ಬೆಲೆಯುಂಟು. ಆದುದರಿಂದ ಯಾವ ಗಿಡವನ್ನು ನೆಡಬೇಕೆಂಬುದನ್ನು ಗೃಹಸ್ಥರು ಮೊದಲೇ ವಿಚಾರಿಸುವುದು ಯುಕ್ತ.

ನಮ್ಮ ಕಾಗ್ಜಿ ನಿಂಬೆಯು ಬೀಜವುಳ್ಳದ್ದು. ಹಣ್ಣು ಚಿಕ್ಕದು, ಸಿಪ್ಪೆ ಕಾಗದದಂತೆ ತೆಳು, ಹುಳಿಯೂ ಪರಿಮಳವೂ ತೀಕ್ಷ್ಣ. ಬೀಜವಿಲ್ಲದ ತಾಹಿತಿ ನಿಂಬೆಯು ಗಾತ್ರದಲ್ಲಿ ದೊಡ್ಡದು. ಒಂದೊಂದು ಹಣ್ಣಿಗೆ ರಸ ಹೆಚ್ಚು, ಹುಳಿ ಕೊಂಚ ಸೌಮ್ಯ, ಗಿಡದಲ್ಲಿ ಮುಳ್ಳೂ ವಿರಳ. ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಕಟ್ಟು ಎರಡಕ್ಕೆ ಬದಲಾಗಿ ಮೂರಿರುವುದರಿಂದ ಬೀಜ ಕಟ್ಟುವುದಿಲ್ಲ. ಪಾನಕಕ್ಕೆ ಇದು ಅನುಕೂಲ. ಉಪ್ಪಿನಕಾಯಿಗೆ ಮಾತ್ರ, ಉಪ್ಪಿನಲ್ಲಿ ಬೇಗನೆ ಮೆತ್ತಗಾಗುವ ತೆಳುಸಿಪ್ಪೆಯ ಕಾಗ್ಜಿಯೇ ಲೇಸು.

ಬೀಜವಿಲ್ಲದ ಮಾತ್ರಕ್ಕೆ ಕಹಿಯಿಲ್ಲವೆಂದು ಭ್ರಮಿಸಲಾಗದು. ಬ್ರೆಜಿಲ್ ದೇಶದ ಬಹಿಯಾ ಪ್ರಾಂತದಿಂದ ಹೊರಟು 1873ರಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡ್ ಊರನ್ನು ಸೇರಿದ ನೇವಲ್ ಕಿತ್ತಳೆಯು ಬೀಜವಿಲ್ಲದ್ದೆಂದು ಲೋಕಪ್ರಸಿದ್ಧ. ಆದರೂ ಅದರ ರಸವನ್ನು ಹಿಂಡಿಟ್ಟರೆ ಕ್ರಮೇಣ ಕಹಿಯಾಗುವುದು. ಲಿಮೋನಿನ್ ಎಂಬ ಕಹಿಪದಾರ್ಥವು ರಸದಲ್ಲಿಯೇ ಹುಟ್ಟಿಕೊಳ್ಳುವುದು ಇದಕ್ಕೆ ಕಾರಣ. ಬೀಜದಲ್ಲಿಯೂ ಅದೇ ಕಹಿಯುಂಟು. ಆದುದರಿಂದ ಹಿಂಡುವಾಗ ಬೀಜವು ಜಜ್ಜಿಹೋಗದಂತೆ ನೋಡಿಕೊಳ್ಳಬೇಕು.

ಇನ್ನು ಸಂತತಿಯ ಮಾತು. ಕಾಗ್ಜಿಯ ಒಂದೇ ಬೀಜದಿಂದ ಅನೇಕ ವೇಳೆ ಎರಡು ಮೂರು ಮೊಳಕೆಗಳು ಹೊರಡುವುವು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ಹೊಂದಿರುತ್ತವೆ. ನೆರೆಮನೆಯ ಒಳ್ಳೆಯ ಮರದ ಹಣ್ಣೊಂದು ದೊರೆತರೆ ಸಸಿಗೆ ಹಣ ತೆರಬೇಕಿಲ್ಲ. ಫಲಕ್ಕಾಗಿ ಕೆಲವು ವರ್ಷ ಕಾಯಬೇಕು, ಅಷ್ಟೆ. ಬೀಜವಿಲ್ಲದ್ದನ್ನಾದರೋ ಕಸಿಯಿಂದಲೋ ಗೂಟಿಯಿಂದಲೋ ಬೆಳೆಸಬೇಕು. ತಾಯಿಮರದಲ್ಲಿ ಟ್ರಿಸ್ಟೆಜಾ ಎಂಬ ವೈರಾಣುರೋಗವಿದ್ದರೆ ಅದು ಆ ರೆಂಬೆಯೊಡನೆಯೇ ಹೊಸ ಗಿಡಕ್ಕೂ ಬರುವುದು. ಬೀಜದ ಮೂಲಕ ಆ ರೋಗ ಬಾರದು. ಆದರೆ ಮುಂದೆ ಸಸ್ಯಹೇನುಗಳಿಂದ ಕಾಗ್ಜಿಗೂ ತಗುಲಬಹುದಾದುದರಿಂದ ಎಚ್ಚರಿಕೆಯು ಎರಡಕ್ಕೂ ಬೇಕು.

ಆದಕಾರಣ, ಒಂದೇ ಗಿಡಕ್ಕೆ ಸ್ಥಳವೂ ನೀರೂ ಉಳ್ಳವರು ಕಾಗ್ಜಿಯನ್ನು ನೆಡಲಿ. ಎರಡಕ್ಕೆ ಅನುಕೂಲವಿದ್ದವರು, ತಾಯಿಮರವನ್ನು ಕಣ್ಣಾರೆ ಕಂಡು, ಬೀಜವಿಲ್ಲದ್ದನ್ನೂ ಜೊತೆಗೆ ನೆಡಬಹುದು. ಹಣ್ಣಿನ ಯೋಗ್ಯತೆಯನ್ನು ಬೀಜದ ಲೆಕ್ಕದಿಂದಲ್ಲ, ಉಪಯೋಗದಿಂದ ನಿರ್ಣಯಿಸುವುದೇ ವಿವೇಕ.